ಮಂಗಳ–ಗುರುಗಳ ನಡುವೆ ಜಯಂತ್‌ಮೂರ್ತಿ

ಮೈಸೂರಿನ ವಿದ್ಯಾರಣ್ಯಪುರಂನ ತಾರಸಿ ಹತ್ತಿ ಎಷ್ಟು ಹೊತ್ತು ಕಣ್ಣು ನೆಟ್ಟರೂ ಈ ಬಂಡೆ ಕಾಣುವುದಿಲ್ಲ. ಚಾಮುಂಡಿ ಬೆಟ್ಟದ ದೀಪಗಳನ್ನೆಲ್ಲ ಆರಿಸಿದರೂ ಅಷ್ಟೇ. ಬರಿಗಣ್ಣಿಗೆ ಎಟುಕದಷ್ಟು ಮಂಕು. ಆದರೂ ಬೆಂಗಳೂರಿನ ವಿಜ್ಞಾನಿಯೊಬ್ಬರ ಹೆಸರು ಹೊತ್ತು ಅದು ಮಂಗಳ, ಗುರು ಗ್ರಹಗಳ ನಡುವಿನ ಕ್ಷುದ್ರಗ್ರಹ ಪಟ್ಟಿಯಲ್ಲಿ ಸೂರ್ಯನನ್ನು ಸುತ್ತುತ್ತಿದೆ: (215884) ಜಯಂತ್‌ಮೂರ್ತಿ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಜಯಂತ್ ಮೂರ್ತಿ ಅವರ ಗೌರವಾರ್ಥ 2021ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಪ್ಪಿದ ಹೆಸರು ಇದು.

ಖಗೋಳಜ್ಞ ಮಾರ್ಕ್ ಬುಯಿ ಇದನ್ನು 2005ರಲ್ಲಿ ಅಮೆರಿಕದ ಅರಿಜೋನಾದ ಕಿಟ್ ಪೀಕ್ ವೀಕ್ಷಣಾಲಯದಿಂದ ಕಂಡುಹಿಡಿದರು. ಆಗ ಸಿಕ್ಕಿದ್ದು 2005 ಇಎಕ್ಸ್ 296 ಎಂಬ ತಾತ್ಕಾಲಿಕ ಗುರುತು. ಅದನ್ನು ಬಿಡಿಸಿ ಓದುವುದೇ ಒಂದು ಖುಷಿ. ಪ್ರತಿ ತಿಂಗಳನ್ನೂ ಎರಡಾಗಿ ಒಡೆದು ಇಂಗ್ಲಿಷ್ ಅಕ್ಷರ ಕೊಡುತ್ತಾರೆ. ಇ ಎಂದರೆ ಮಾರ್ಚ್ ಮೊದಲರ್ಧ. ಎರಡನೆಯ ಅಕ್ಷರ ಆ ಅವಧಿಯೊಳಗಿನ ಸರದಿ: ಐ ಬಿಟ್ಟು ಎಣಿಸಿದರೆ ಉಳಿಯುವ 25 ಅಕ್ಷರಗಳಲ್ಲಿ ಎಕ್ಸ್ 23ನೆಯದು. ಆ ಸಾಲು 296 ಸಲ ಮುಗಿದ ಮೇಲೆ ಬಂದ ಎಕ್ಸ್ ಇದು. ಅಂದರೆ ಆ ಹದಿನೈದು ದಿನಗಳ ಪಟ್ಟಿಯಲ್ಲೇ 7,423ನೆಯದು!

ಮತ್ತೆ ಮತ್ತೆ ನೋಡಿ ಕಕ್ಷೆ ಖಚಿತವಾದ ಮೇಲಷ್ಟೇ ಕಾಯಂ ಸಂಖ್ಯೆ. ಹೆಸರು ಸೂಚಿಸುವ ಹಕ್ಕು ಕಂಡುಹಿಡಿದವರದು, ಒಪ್ಪುವುದು ಒಕ್ಕೂಟದ ಸಮಿತಿ. ಹೆಸರು ಇಂಗ್ಲಿಷಿನಲ್ಲಿ 16 ಅಕ್ಷರ ಮೀರಬಾರದು. ರಾಜಕಾರಣಿಗಳಾದರೆ ತೀರಿಕೊಂಡು 100 ವರ್ಷ ಕಳೆದಿರಬೇಕು, ಒಳ್ಳೆಯ ನಿಯಮ.

ಇದು ಒಂದು ಸುತ್ತು ಮುಗಿಸಲು 3.3 ವರ್ಷ ಬೇಕು. ಕೆಪ್ಲರ್ ನಿಯಮದಲ್ಲಿ ಈ ಅವಧಿ ಇಟ್ಟು ಲೆಕ್ಕ ಹಾಕಿದರೆ ಸೂರ್ಯನಿಂದ ಸರಾಸರಿ ದೂರ ಸುಮಾರು 33 ಕೋಟಿ ಕಿಲೋಮೀಟರ್. ಕ್ಷುದ್ರಗ್ರಹ ಪಟ್ಟಿಯ ಒಳಭಾಗ ಅದು.

ಮೂರ್ತಿ ಅವರ ಹೆಸರೇ ಏಕೆ? 2015ರಲ್ಲಿ ಪ್ಲೂಟೊ ದಾಟಿದ ನಾಸಾದ ನ್ಯೂ ಹೊರೈಜನ್ಸ್ ನೌಕೆಯ ಕೆಲಸದಲ್ಲಿ ಬುಯಿ, ಮೂರ್ತಿ ಇಬ್ಬರೂ ಇದ್ದಾರೆ. ಆಕಾಶದ ಎಲ್ಲ ದಿಕ್ಕಿನಿಂದಲೂ ಬರುವ ಅತಿನೇರಳೆ ಹಿನ್ನೆಲೆ ಬೆಳಕು ಬಹಳ ಕ್ಷೀಣ. ಭೂಮಿಯ ಸುತ್ತಮುತ್ತ ಸೂರ್ಯನ ಬೆಳಕು ಚೆದುರಿ ಅದನ್ನು ಮುಚ್ಚಿಬಿಡುತ್ತದೆ. ಸೌರವ್ಯೂಹದ ಅಂಚಿಗೆ ಹೋದ ನೌಕೆಗೆ ಆ ಕಾಟ ಕಡಿಮೆ. ಅಲ್ಲಿಂದ ಆ ಬೆಳಕನ್ನು ಅಳೆಯುವ ಕೆಲಸಕ್ಕಾಗಿ ಈ ಗೌರವ. ವರ್ಷಗಟ್ಟಲೆ ಕತ್ತಲನ್ನೇ ಅಳೆದವರಿಗೆ ಇದು ತಕ್ಕದ್ದೆಂದೇ ನನ್ನ ಭಾವನೆ.

ಮೂರ್ತಿ ಅವರ ಸಂಸ್ಥೆಗೂ ಕ್ಷುದ್ರಗ್ರಹಗಳಿಗೂ ನಂಟು ಹಳೆಯದು. ಸಂಸ್ಥೆಯ ಕಾವಲೂರು ವೀಕ್ಷಣಾಲಯದಲ್ಲಿ ಆರ್. ರಾಜಮೋಹನ್ 1988ರಲ್ಲಿ ಕಂಡ ಎರಡಕ್ಕೆ ಗಣಿತಜ್ಞ ರಾಮಾನುಜನ್ ಹಾಗೂ ಸಂಸ್ಥೆಯ ನಿರ್ದೇಶಕರಾಗಿದ್ದ ಜೆ.ಸಿ. ಭಟ್ಟಾಚಾರ್ಯ ಅವರ ಹೆಸರಿದೆ. ಸಂಸ್ಥೆ ಕಟ್ಟಿದ ವೇಣು ಬಾಪು ಅವರ ಹೆಸರಿನದು 2596ನೆಯದು.

ದುಡ್ಡು ಕೊಟ್ಟರೆ ಆಕಾಶಕಾಯಕ್ಕೆ ಮಗುವಿನ ಹೆಸರಿಡುತ್ತೇವೆ ಎನ್ನುವವರಿದ್ದಾರೆ. ಆ ಪ್ರಮಾಣಪತ್ರಕ್ಕೆ ಒಕ್ಕೂಟದ ಮಾನ್ಯತೆ ಇಲ್ಲ. ಅದರ ಬದಲು ನಾಸಾದ ಹೊರೈಜನ್ಸ್ ಜಾಲತಾಣದಲ್ಲಿ 215884 ಎಂದು ಹಾಕಿ, ಮೈಸೂರಿನ ಅಕ್ಷಾಂಶ–ರೇಖಾಂಶ ಕೊಡಿ. ಈ ರಾತ್ರಿ ಅದು ಯಾವ ನಕ್ಷತ್ರಪುಂಜದಲ್ಲಿದೆ ಎಂದು ಮಕ್ಕಳಿಗೆ ತೋರಿಸಬಹುದು.