ಜಾಲತಾಣ ನಿರ್ವಹಿಸುವವರ ಪದನಾಮ: ಸ್ತ್ರೀ–ಪುರುಷರಿಬ್ಬರಿಗೂ ಸಲ್ಲುವ ಪದಗಳ ಆಯ್ಕೆ
(ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ)

ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4(1)(ಬಿ) ಅನ್ವಯ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವು ತನ್ನ ಅಧಿಕಾರಿ ಹಾಗೂ ನೌಕರರ ವಿವರಪಟ್ಟಿಯನ್ನು ಸ್ವಯಂಪ್ರೇರಿತವಾಗಿ ಪ್ರಕಟಿಸಬೇಕು. ಇಂತಹ ಪಟ್ಟಿ, ನಾಮಫಲಕ ಹಾಗೂ ಅರ್ಜಿ ಆಹ್ವಾನದ ಪ್ರಕಟಣೆಗಳಲ್ಲಿ ಗಣಕಯಂತ್ರ ಮತ್ತು ಜಾಲತಾಣದ ಕೆಲಸ ಮಾಡುವವರನ್ನು ‘ನಿರ್ವಾಹಕ’ ಎಂದು ನಮೂದಿಸುವುದುಂಟು. ಮೆಟ್ರಿಯಾಗಲಿ, ಕಂಪ್ಲಿ ತಾಲ್ಲೂಕಿನ ಬೇರೆ ಯಾವುದೇ ಗ್ರಾಮವಾಗಲಿ, ಈ ಕೆಲಸವನ್ನು ಮಹಿಳೆಯೂ ಮಾಡಬಹುದು, ಪುರುಷನೂ ಮಾಡಬಹುದು. ಆದರೆ ಆ ಪದವು ಪುರುಷನನ್ನು ಮಾತ್ರ ಸೂಚಿಸುತ್ತದೆ.

ಪುಲ್ಲಿಂಗ ಪದದಲ್ಲಿ ಸ್ತ್ರೀಯರೂ ಸೇರುತ್ತಾರೆ ಎಂದು ಸಾಮಾನ್ಯ ಖಂಡಗಳ ಅಧಿನಿಯಮ, 1897ರ ಪ್ರಕರಣ 13 ಹೇಳುತ್ತದೆ. ಅದು ಕಾನೂನುಗಳನ್ನು ಅರ್ಥೈಸುವ ನಿಯಮ. ಸೂಚನಾ ಫಲಕದಲ್ಲಿ ‘ನಿರ್ವಾಹಕ ಬೇಕಾಗಿದ್ದಾನೆ’ ಎಂದು ಓದಿದ ಪದವೀಧರ ಯುವತಿಯು ಆ ನಿಯಮವನ್ನು ನೆನೆಯುವುದಿಲ್ಲ. ಕೆಲಸ ತನಗಲ್ಲವೆಂದು ಹಿಂದಿರುಗುತ್ತಾಳೆ. ಅರ್ಹರೊಬ್ಬರು ಅರ್ಜಿಯನ್ನೇ ಸಲ್ಲಿಸದಿದ್ದರೆ ನಷ್ಟ ಪಂಚಾಯತಿಗೇ.

‘ನಿರ್ವಾಹಕಿ’ ಎಂದು ಪ್ರತ್ಯೇಕ ಪದ ಬಳಸಿದರೆ ಸಿಬ್ಬಂದಿ ಬದಲಾದಾಗಲೆಲ್ಲ ಫಲಕವನ್ನೂ ಬದಲಿಸಬೇಕಾಗುತ್ತದೆ. ಕನ್ನಡದಲ್ಲಿಯೇ ಸುಲಭ ಮಾರ್ಗಗಳಿವೆ:

1. ಗೌರವ ಬಹುವಚನ: ‘ಜಾಲತಾಣ ನಿರ್ವಾಹಕರು’. ಕ್ರಿಯಾಪದವೂ ‘ಮಾಡತಕ್ಕದ್ದು’ ಅಥವಾ ‘ಮಾಡುತ್ತಾರೆ’ ಎಂದಿರಲಿ.

2. ಲಿಂಗಭೇದವಿಲ್ಲದ ಪದ: ‘ಜಾಲತಾಣ ನಿರ್ವಹಣಾ ಸಿಬ್ಬಂದಿ’. ‘ಕಾರ್ಯದರ್ಶಿ’, ‘ಅಭಿವೃದ್ಧಿ ಅಧಿಕಾರಿ’ ಎಂಬ ಪದನಾಮಗಳು ಈಗಾಗಲೇ ಇಬ್ಬರಿಗೂ ಸಲ್ಲುತ್ತಿವೆ. ಆದರೆ ‘ಜಾಲತಾಣ ಅಧಿಕಾರಿ’ ಎಂದರೆ ಇಲ್ಲದ ದರ್ಜೆಯನ್ನು ಸೂಚಿಸಿದಂತಾಗುವುದರಿಂದ ಅದನ್ನು ಬಳಸದಿರುವುದು ಸೂಕ್ತ.

3. ರೂಢಿಯ ಪದ: ‘ಕಂಪ್ಯೂಟರ್ ಆಪರೇಟರ್’ ಜನರಿಗೆ ಪರಿಚಿತ, ಲಿಂಗಸೂಚಕವೂ ಅಲ್ಲ. ‘ವೆಬ್‌ಮಾಸ್ಟರ್’ ಪದದಲ್ಲಿ ಯಜಮಾನನೆಂಬ ಛಾಯೆಯಿದ್ದು, ಹಳ್ಳಿಗೂ ಅಪರಿಚಿತ.

ಇದೇ ತತ್ವವು ಇತರ ಕೆಲಸಗಳಿಗೂ ಅನ್ವಯಿಸುತ್ತದೆ. ‘ವಾಟರ್‌ಮನ್’ ಎಂಬುದರ ಬದಲು ‘ನೀರುಗಂಟಿ’ ಎಂದರೆ ಸಾಕು.

ಒಂದು ಎಚ್ಚರಿಕೆ: ಸೇವಾ ದಾಖಲೆ ಮತ್ತು ವೇತನ ಪಟ್ಟಿಗಳಲ್ಲಿ ಸರ್ಕಾರ ಮಂಜೂರು ಮಾಡಿದ ಹುದ್ದೆಯ ಹೆಸರೇ ಮುಂದುವರಿಯಬೇಕು, ಇಲ್ಲವಾದಲ್ಲಿ ದಾಖಲೆಗಳು ತಾಳೆಯಾಗುವುದಿಲ್ಲ. ಪ್ರಕಟಣೆ, ನಾಮಫಲಕ, ನಡವಳಿಯ ಒಕ್ಕಣೆ ಮತ್ತು ಜಾಲತಾಣದ ಸಂಪರ್ಕ ಪುಟಗಳಲ್ಲಿ ಮಾತ್ರ ಮೇಲಿನ ಪದಗಳನ್ನು ಬಳಸಬಹುದು.

ರಾಜ್ಯದಲ್ಲಿ 2010ರ ತಿದ್ದುಪಡಿಯ ನಂತರ ಪಂಚಾಯತಿ ಸ್ಥಾನಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲಾಗಿವೆ. ಸಭೆಯಲ್ಲಿ ದೊರೆತ ಆ ಸ್ಥಾನವು ಕಚೇರಿಯ ಪದಗಳಲ್ಲಿಯೂ ಕಾಣಬೇಕು. ಮುಂದಿನ ಸಾಮಾನ್ಯ ಸಭೆಗೆ ಮುನ್ನ ಸದಸ್ಯರು ತಮ್ಮ ಪಂಚಾಯತಿಯ ಫಲಕ ಹಾಗೂ ಪ್ರಕಟಣೆಗಳನ್ನು ಒಮ್ಮೆ ಓದಿ ನೋಡುವುದು ಅಪೇಕ್ಷಣೀಯ.