ಕೆಳಗಿನಿಂದ ಕಂಡ ಮನುಷ್ಯ

ಉತ್ತರ ಇಟಲಿಯ ಮಾಂಟುವಾ ನಗರದ ಅರಮನೆಯಲ್ಲಿ ಸುಮಾರು ಎಂಟು ಮೀಟರ್ ಉದ್ದ, ಅಷ್ಟೇ ಅಗಲದ ಒಂದು ಕೋಣೆಯಿದೆ. ಅದರ ಚಾವಣಿಯ ನಟ್ಟನಡುವೆ ದುಂಡನೆಯ ದೊಡ್ಡ ಕಿಂಡಿ, ಕಿಂಡಿಯಾಚೆ ಮೋಡ ತೇಲುವ ನೀಲಿ ಆಕಾಶ. ಕಿಂಡಿಯ ಸುತ್ತಲಿನ ಕಟಾಂಜನಕ್ಕೆ ಒರಗಿ ಕೆಲವು ಹೆಂಗಸರು ಬಗ್ಗಿ ನೋಡುತ್ತಿದ್ದಾರೆ. ರೆಕ್ಕೆಯುಳ್ಳ ಪುಟ್ಟ ಮಕ್ಕಳು ಕಟಾಂಜನದ ಒಳ ಅಂಚಿನಲ್ಲಿ ಕಾಲೂರಿ ನಿಂತಿದ್ದಾರೆ. ಗಿಡದ ತೊಟ್ಟಿಯೊಂದು ಬರೀ ಒಂದು ಕೋಲಿನ ಆಸರೆಯಲ್ಲಿ ಈಗಲೋ ಆಗಲೋ ನಮ್ಮ ತಲೆಯ ಮೇಲೆ ಬೀಳುವಂತಿದೆ.

ನಿಜದಲ್ಲಿ ಅಲ್ಲಿ ಕಿಂಡಿಯೂ ಇಲ್ಲ, ಆಕಾಶವೂ ಇಲ್ಲ. ಎಲ್ಲವೂ ಗಾರೆಯ ಮೇಲಿನ ಬಣ್ಣ. ಮಾಂಟುವಾದ ದೊರೆ ಲುಡೊವಿಕೊ ಗೊಂಜಾಗನಿಗಾಗಿ ಆಂಡ್ರಿಯಾ ಮಾಂಟೆನ್ಯಾ ಈ ಕೋಣೆಯ ಕೆಲಸವನ್ನು 1465ರಲ್ಲಿ ಹಿಡಿದು 1474ರಲ್ಲಿ ಮುಗಿಸಿದ. ಆ ಮಕ್ಕಳಲ್ಲಿ ಒಬ್ಬನನ್ನು ಗಮನಿಸಿ. ಕಾಲು, ದಪ್ಪ ತೊಡೆ, ಉಬ್ಬಿದ ಹೊಟ್ಟೆ ಸೇರಿದರೆ ಚಿತ್ರದ ಮುಕ್ಕಾಲು ಭಾಗ ಮುಗಿಯಿತು. ಎದೆಗೆ ಸಿಕ್ಕಿರುವುದು ಒಂದಿಷ್ಟೇ ಜಾಗ. ಮುಖವಂತೂ ಪುಟ್ಟದು, ಅದೂ ಗಲ್ಲದ ಅಡಿಯಿಂದ ಕಂಡದ್ದು. ಅಳತೆಪಟ್ಟಿ ಹಿಡಿದರೆ ಎಲ್ಲ ಪ್ರಮಾಣವೂ ತಪ್ಪು. ಕೆಳಗೆ ನಿಂತು ನೋಡಿದರೆ ತಪ್ಪು ಎಲ್ಲಿದೆ ಎಂದು ಹುಡುಕಬೇಕು.

ಇಟಲಿಯವರು ಈ ವಿದ್ಯೆಗೆ ‘ದಿ ಸೊತ್ತೊ ಇನ್ ಸು’ ಎನ್ನುತ್ತಾರೆ, ಕೆಳಗಿನಿಂದ ಮೇಲಕ್ಕೆ ಎಂದು. ನಮ್ಮಲ್ಲಿ ಚಿತ್ರಕಲೆ ಕಲಿತವರು ಫೋರ್‌ಶಾರ್ಟನಿಂಗ್ ಎಂಬ ಮಾತನ್ನೇ ಬಳಸುತ್ತಾರೆ. ನಮ್ಮ ಕಡೆಗೆ ಚಾಚಿದ, ಇಲ್ಲವೇ ನಮ್ಮಿಂದ ಆಚೆಗೆ ವಾಲಿದ ಅಂಗ ಉದ್ದ ಕಳೆದುಕೊಂಡು ಕಾಣುವುದನ್ನು ಹಾಗೆಯೇ ಬರೆಯುವುದು. ಮನುಷ್ಯದೇಹವನ್ನು ಕೆಳಗಿನಿಂದ ನೋಡಿ ಹೀಗೆ ಬರೆಯುವುದಕ್ಕಿಂತ ಕಷ್ಟದ ಕೆಲಸ ರೇಖಾಚಿತ್ರದಲ್ಲಿ ಹೆಚ್ಚಿಲ್ಲ ಎಂದೇ ನನ್ನ ಎಣಿಕೆ.

ಕೆಲಸ ಶುರುವಾಗುವುದು ಕಣ್ಣಿನ ಮಟ್ಟದಿಂದ. ನೋಡುವವನ ಕಣ್ಣು ಎಷ್ಟು ಎತ್ತರದಲ್ಲಿದೆಯೋ ಅಲ್ಲಿ ಚಿತ್ರದ ದಿಗಂತರೇಖೆ. ಆ ರೇಖೆ ಆಕೃತಿಯ ಪಾದದ ಬಳಿಗೋ ಅದಕ್ಕಿಂತ ಕೆಳಕ್ಕೋ ಇಳಿದ ಕೂಡಲೇ ಒಂದೊಂದೇ ಅಂಗದ ಅಡಿಭಾಗ ಕಾಣತೊಡಗುತ್ತದೆ. ಸೊಂಟದ ಪಟ್ಟಿ, ತೋಳಿನ ಅಂಚು, ಅಂಗಿಯ ಕೊರಳು, ಹೀಗೆ ದೇಹವನ್ನು ಸುತ್ತುವ ಗೆರೆಗಳೆಲ್ಲ ಮೇಲ್ಮುಖವಾಗಿ ಕಮಾನು ಕಟ್ಟುತ್ತವೆ. ಅಟ್ಟದ ಮೇಲಿಟ್ಟ ಡಬ್ಬಿಯ ಅಂಚು ಕೆಳಗೆ ನಿಂತವನಿಗೆ ಕಾಣುವ ಹಾಗೆ. ಗೆರೆ ಎತ್ತರಕ್ಕೆ ಹೋದಷ್ಟೂ ಕಮಾನು ಹೆಚ್ಚು ಬಾಗುತ್ತದೆ.

ಮುಖದಲ್ಲಿ ಆಗುವ ಬದಲಾವಣೆ ಇನ್ನೂ ಕಟುವಾದದ್ದು. ಹಣೆ ಬಹುಪಾಲು ಮಾಯ. ಮೂಗಿನ ತುದಿ ಮೇಲೇರಿ ಕಣ್ಣುಗಳ ನಡುವೆ ಬಂದು ಕೂರುತ್ತದೆ, ಹೊಳ್ಳೆಗಳು ತೆರೆದುಕೊಳ್ಳುತ್ತವೆ. ಕಣ್ಣಿನ ಸಾಲಿನಲ್ಲಿರಬೇಕಾದ ಕಿವಿ ಬಾಯಿಯ ಮಟ್ಟಕ್ಕೆ ಇಳಿಯುತ್ತದೆ. ನಾವು ಎಂದೂ ಗಮನಿಸದ ದವಡೆಯ ಅಡಿಭಾಗ ಉಳಿದ ಮುಖದಷ್ಟೇ ಜಾಗ ಕೇಳುತ್ತದೆ. ಬರೆಯುವವನ ಮನಸ್ಸು ಅಡ್ಡ ಬರುವುದು ಇಲ್ಲೇ. ಹಣೆ ಇದೆ ಎಂದು ಅದಕ್ಕೆ ಗೊತ್ತು. ಕಾಣದಿದ್ದರೂ ಕೈಯಿಂದ ಎರಡು ಬೆರಳು ಹಣೆ ಬರೆಸಿಬಿಡುತ್ತದೆ. ಅಲ್ಲಿಗೆ ತಲೆ ಕೆಟ್ಟಿತು.

ಈ ಮನಸ್ಸನ್ನು ಕಟ್ಟಿಹಾಕಲು ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಒಂದು ಉಪಾಯ ತೋರಿಸಿದ. ಅಳತೆಯ ಬಗ್ಗೆ ಅವನು 1525ರಲ್ಲಿ ಪ್ರಕಟಿಸಿದ ಗ್ರಂಥದ 1538ರ ಮುದ್ರಣದಲ್ಲಿ ಒಂದು ಮರಕೆತ್ತನೆಯ ಚಿತ್ರವಿದೆ. ಮಲಗಿದ ಹೆಂಗಸು, ಅವಳಿಗೂ ಚಿತ್ರಕಾರನಿಗೂ ನಡುವೆ ದಾರದ ಚೌಕುಳಿ ಬಿಗಿದ ಕಟ್ಟು, ಅವನ ಮುಂದೆ ಅದೇ ಚೌಕುಳಿಯ ಕಾಗದ. ಕಣ್ಣು ಅಲುಗದಂತೆ ಮುಂದೆ ಒಂದು ಚೂಪಾದ ಗೂಟ. ಯಾವ ಮನೆಯಲ್ಲಿ ಏನು ಕಾಣುತ್ತದೋ ಅದನ್ನು ಅದೇ ಮನೆಯಲ್ಲಿ ಬರೆದುಕೊಳ್ಳುತ್ತ ಹೋಗಬೇಕು.

ಆದರೆ ಚೌಕುಳಿಯ ಲೆಕ್ಕವೊಂದೇ ಸಾಕಾಗದು ಎಂಬುದಕ್ಕೂ ಮಾಂಟೆನ್ಯಾನೇ ಸಾಕ್ಷಿ. ಮಿಲಾನಿನ ಬ್ರೆರಾ ಸಂಗ್ರಹಾಲಯದಲ್ಲಿ ಅವನ ‘ಮೃತ ಕ್ರಿಸ್ತ’ ಇದೆ. ಕಲ್ಲುಹಾಸಿನ ಮೇಲೆ ಮಲಗಿಸಿದ ದೇಹವನ್ನು ಕಾಲಬುಡದಿಂದ ನೋಡುತ್ತೇವೆ. ಮೊದಲು ಕಾಣುವುದು ಮೊಳೆಯ ಗಾಯವಿರುವ ಅಂಗಾಲು, ಹೊದಿಕೆಯ ಮಡಿಕೆ ದಾಟಿದರೆ ಎದೆ, ಕೊನೆಗೆ ಮುಖ. ಲೆಕ್ಕದ ಪ್ರಕಾರ ಅಷ್ಟು ಹತ್ತಿರದ ಪಾದಗಳು ಬೃಹತ್ತಾಗಿ ಇಡೀ ದೇಹವನ್ನೇ ಮರೆಮಾಡಬೇಕಿತ್ತು. ಮಾಂಟೆನ್ಯಾ ಪಾದಗಳನ್ನು ಕಿರಿದು ಮಾಡಿದ, ತಲೆಯನ್ನು ಹಿರಿದು ಮಾಡಿದ. ರೇಖಾಗಣಿತಕ್ಕೆ ಬೆನ್ನು ತಿರುಗಿಸಿದ್ದು ಆ ಮುಖ ನಮ್ಮಿಂದ ದೂರವಾಗಬಾರದೆಂದು. ಇದು ನನ್ನ ಕಣ್ಣಿಗೆ ಅವನ ಎಲ್ಲ ಚಮತ್ಕಾರಗಳಿಗಿಂತ ದೊಡ್ಡದು.

ಅವನು ಇನ್ನೂ ಯುವಕನಾಗಿದ್ದಾಗ ಪಾದುವಾ ನಗರದ ಒವೆತಾರಿ ಪ್ರಾರ್ಥನಾ ಮಂದಿರದ ಗೋಡೆಗೆ ಬರೆದ ಚಿತ್ರವೊಂದಿತ್ತು. ಸಂತ ಜೇಮ್ಸನನ್ನು ವಧೆಗೆ ಒಯ್ಯುವ ದೃಶ್ಯ. ದಿಗಂತರೇಖೆ ಚಿತ್ರದ ಕೆಳ ಅಂಚಿಗಿಂತಲೂ ಕೆಳಗೆ ಇದ್ದುದರಿಂದ ನೆಲವೇ ಕಾಣುತ್ತಿರಲಿಲ್ಲ; ಮುಂದಿನವರ ಪಾದ ಅಂಚಿನ ಮೇಲೆ, ಹಿಂದಿನವರ ಪಾದ ಅಂಚಿನ ಮರೆಯಲ್ಲಿ. 1944ರ ಮಾರ್ಚ್ 11ರ ಬಾಂಬ್ ದಾಳಿಯಲ್ಲಿ ಆ ಗೋಡೆ ಪುಡಿಯಾಯಿತು. ಸಿಕ್ಕ ಚೂರುಗಳನ್ನು ಹಳೆಯ ಛಾಯಾಚಿತ್ರದ ಆಧಾರದಲ್ಲಿ ಜೋಡಿಸಿಟ್ಟಿದ್ದಾರೆ. ಉಳಿದಿರುವುದು ಅಷ್ಟೇ.

ಮುಂದಿನ ತಲೆಮಾರು ಈ ವಿದ್ಯೆಯನ್ನು ಗುಮ್ಮಟಗಳಿಗೆ ಏರಿಸಿತು. ಕೊರೆಜ್ಜೊ ಪಾರ್ಮಾದ ಮಹಾಚರ್ಚಿನ ಗುಮ್ಮಟವನ್ನು ಮೋಡಗಳ ನಡುವೆ ಮೇಲೇರುವ ನೂರಾರು ಕೈಕಾಲುಗಳಿಂದ ತುಂಬಿದ. ರೋಮಿನ ಸಿಸ್ಟೀನ್ ಚಾವಣಿಯ ಯೋನಾ ಪ್ರವಾದಿಯಲ್ಲಿ ಮೈಕೆಲಾಂಜೆಲೊ ಇನ್ನೊಂದು ಹೆಜ್ಜೆ ಮುಂದೆ ಹೋದ. ಅಲ್ಲಿ ಗೋಡೆ ಮೇಲೇರುತ್ತ ನಮ್ಮ ಕಡೆಗೆ ಬಾಗುತ್ತದೆ. ಅವನ ಯೋನಾ ಮಾತ್ರ ಹಿಂದಕ್ಕೆ ವಾಲಿ ಕೂತಿದ್ದಾನೆ. ದೂರ ಸರಿದಂತೆ ಕಾಣುವ ಎದೆ ನಮಗೆ ಹತ್ತಿರದ ಗಾರೆಯ ಮೇಲಿದೆ, ಮುಂದಕ್ಕೆ ಚಾಚಿದಂತೆ ಕಾಣುವ ಕಾಲು ದೂರದ ಗಾರೆಯ ಮೇಲಿದೆ. ಅವನ ಕಾಲದವರೇ ಇದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾರೆ.

ಈ ವಿದ್ಯೆಯನ್ನು ಪೂರ್ತಿ ಲೆಕ್ಕಕ್ಕೆ ಇಳಿಸಿದವನು ಆಂಡ್ರಿಯಾ ಪೊಜ್ಜೊ ಎಂಬ ಜೆಸ್ವಿಟ್ ಬ್ರದರ್. ರೋಮಿನ ಸಂತ ಇಗ್ನೇಷಿಯಸ್ ಚರ್ಚಿನ ಉದ್ದನೆಯ ಕಮಾನು ಚಾವಣಿಗೆ ಅವನು 1691ರಿಂದ 1694ರವರೆಗೆ ಬಣ್ಣ ಹಾಕಿದ. ಕಮಾನು ಹುಟ್ಟುವ ಮಟ್ಟದಲ್ಲಿ ಚರ್ಚಿನ ಅಡ್ಡಕ್ಕೂ ಉದ್ದಕ್ಕೂ ದಾರದ ಬಲೆ ಬಿಗಿಯುವುದು, ಕೆಳಗೆ ನೋಡುವವನ ಕಣ್ಣು ಇರಬೇಕಾದ ಬಿಂದುವಿನಿಂದ ಬಲೆಯ ಗಂಟುಗಳ ಮೂಲಕ ಇನ್ನೊಂದು ದಾರವನ್ನು ಚಾವಣಿಗೆ ಮುಟ್ಟಿಸುವುದು, ಮುಟ್ಟಿದಲ್ಲಿ ಗುರುತು ಹಾಕುವುದು. ಗುರುತುಗಳನ್ನು ಸೇರಿಸಿದರೆ ಬಾಗಿದ ಚಾವಣಿಯ ಮೇಲೆ ಸೊಟ್ಟಸೊಟ್ಟನೆಯ ಚೌಕುಳಿ. ಕಾಗದದ ಮೇಲಿನ ಚಿತ್ರವನ್ನು ಅದರೊಳಗೆ ಹಿಗ್ಗಿಸಿ ಬರೆದರೆ ಕೆಳಗಿನ ಕಣ್ಣಿಗೆ ನೆಟ್ಟಗಿನ ಕಂಬ, ಹಾರುವ ದೇವದೂತರು. ಈ ವಿಧಾನವನ್ನು ಅವನು 1693ರಲ್ಲಿ ಹೊರತಂದ ತನ್ನ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ವಿವರಿಸಿದ್ದಾನೆ. ಚರ್ಚಿನ ನೆಲದಲ್ಲಿ ಒಂದು ಅಮೃತಶಿಲೆಯ ಬಿಲ್ಲೆ ಕೂರಿಸಲಾಗಿದೆ, ಅಲ್ಲಿ ನಿಂತೇ ನೋಡಬೇಕು. ಅದರಿಂದ ದೂರ ಸರಿದಷ್ಟೂ ಕಂಬಗಳು ಕುಸಿಯತೊಡಗುತ್ತವೆ. ನೋಡುವವನಿಗೆ ಇಷ್ಟು ಖಚಿತವಾದ ಜಾಗ ಕೊಟ್ಟ ಕಲೆ ಬೇರೊಂದಿಲ್ಲ.

ಆ ಚರ್ಚಿನಲ್ಲಿಯೇ ಸಂತ ಅಲೋಶಿಯಸ್ ಗೊಂಜಾಗನ ಸಮಾಧಿಯಿದೆ. ಹುಟ್ಟು 1568, ಸಾವು 1591. ಮಾಂಟೆನ್ಯಾನಿಗೆ ಕೋಣೆ ಬರೆಯಲು ಹೇಳಿದ ಗೊಂಜಾಗ ವಂಶದ ಕವಲಿನವನೇ ಇವನು. ಇವನ ಹೆಸರಿನ ಪ್ರಾರ್ಥನಾ ಮಂದಿರ ನಮ್ಮ ಮಂಗಳೂರಿನಲ್ಲಿದೆ. ಅದರ ಗೋಡೆ, ಚಾವಣಿಗಳಿಗೆ 1899ರಿಂದ 1901ರವರೆಗೆ ಚಿತ್ರ ಬರೆದವರು ಬೆರ್ಗಮೊ ಸೀಮೆಯ ಆಂಟೋನಿಯೊ ಮೊಸ್ಕೆನಿ. ಪೊಜ್ಜೊನಂತೆ ಇವರೂ ಜೆಸ್ವಿಟ್ ಬ್ರದರ್. ಗೋಡೆಗೆ ಹಸಿ ಗಾರೆಯ ಮೇಲಿನ ಭಿತ್ತಿಚಿತ್ರ, ಚಾವಣಿಗೆ ಕ್ಯಾನ್ವಾಸಿನ ಮೇಲಿನ ತೈಲವರ್ಣ. ಮೊಸ್ಕೆನಿ ಊರಿಗೆ ಮರಳಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಮಂಗಳೂರಿನ ಆ ಮಂದಿರಕ್ಕೆ ಹೋದವರು ಬೆಂಚಿನ ಮೇಲೆ ಕೂತು ಸಾವಧಾನವಾಗಿ ತಲೆಯೆತ್ತಿ ನೋಡಬೇಕು. ಚಪ್ಪಟೆ ಮೈಯನ್ನು ಕೆತ್ತನೆಯೆಂದು ನಂಬಿಸುವ ಬಣ್ಣದ ಕೆಲಸ ನಮ್ಮ ನೆಲದಲ್ಲೇ ಕಲಿಯಲು ಸಿಗುತ್ತದೆ.

ಚಿತ್ರ ಕಲಿಯುವ ಮಕ್ಕಳಿಗೆ ಒಂದು ಮಾತು. ಮೊಬೈಲಿನಲ್ಲಿ ಕೆಳಗಿನಿಂದ ಫೋಟೊ ತೆಗೆದು ಅದನ್ನು ನಕಲು ಮಾಡಬೇಡಿ. ಅದರ ಅಗಲ ಕೋನದ ಲೆನ್ಸು ಹತ್ತಿರದ ಪಾದವನ್ನು ವಿಪರೀತ ದೊಡ್ಡದು ಮಾಡಿ ತೋರಿಸುತ್ತದೆ, ಎಷ್ಟು ಕಿರಿದು ಮಾಡಬೇಕೆಂಬ ವಿವೇಚನೆ ಅದಕ್ಕಿಲ್ಲ. ಅಣ್ಣನನ್ನೋ ಅಕ್ಕನನ್ನೋ ಗಟ್ಟಿ ಸ್ಟೂಲಿನ ಮೇಲೆ ನಿಲ್ಲಿಸಿ, ನೀವು ನೆಲದ ಮೇಲೆ ಕೂತು, ಮೊದಲು ಸೊಂಟದ ಪಟ್ಟಿಯ ಕಮಾನನ್ನು ಬರೆಯಿರಿ. ಮುಖವನ್ನು ಕೊನೆಗೆ ಇಟ್ಟುಕೊಳ್ಳಿ. ಕಿವಿ ಎಲ್ಲಿದೆ ಎಂದು ಪ್ರತಿ ಸಲವೂ ತಲೆಯೆತ್ತಿ ನೋಡಿ, ಆಮೇಲೆ ಪೆನ್ಸಿಲ್ ಇಡಿ.