ಅಪರೂಪದ ಎಂಜಿನ್, ದಾಖಲೆಯ ಬೆಲೆ

1960ರ ದಶಕದ ಅಮೆರಿಕದಲ್ಲಿ ಹೊಸ ಕಾರು ಕೊಳ್ಳುವವರು ಬಣ್ಣ, ಸೀಟಿನ ಹೊದಿಕೆ, ರೇಡಿಯೊಗಳಂತೆ ಎಂಜಿನ್ನನ್ನೂ ಕಂಪನಿಯ ಪಟ್ಟಿಯಿಂದ ಆರಿಸಿಕೊಳ್ಳಬಹುದಾಗಿತ್ತು. ಹೀಗಾಗಿ ಒಂದೇ ಹೆಸರಿನ, ಒಂದೇ ಮೈಕಟ್ಟಿನ ಕಾರು ಆರು ಸಿಲಿಂಡರಿನ ಮಿತವ್ಯಯದ ಎಂಜಿನ್ ಹೊತ್ತೂ, ಪಂದ್ಯದ ಕಣಕ್ಕೆಂದೇ ರೂಪುಗೊಂಡ ಎಂಟು ಸಿಲಿಂಡರಿನ ವಿ-8 ಎಂಜಿನ್ ಹೊತ್ತೂ ಹೊರಬರುತ್ತಿತ್ತು. ಹೆಚ್ಚುವರಿ ಹಣ ತೆತ್ತು ಆರಿಸಿಕೊಂಡ, ಕಾರ್ಖಾನೆಯಲ್ಲೇ ಕೂರಿಸಿದ ಇಂಥ ಎಂಜಿನ್ನನ್ನು 'ಫ್ಯಾಕ್ಟರಿ ಆಪ್ಷನ್' ಎನ್ನುತ್ತಾರೆ. ಇಂದು ಹರಾಜಿಗೆ ಬರುವ ಒಂದೇ ವರ್ಷದ, ಒಂದೇ ಮಾದರಿಯ ಎರಡು ಕಾರುಗಳ ಬೆಲೆಯ ನಡುವೆ ಹತ್ತಾರು ಪಟ್ಟು ಅಂತರವಿದ್ದರೆ ಅದಕ್ಕೆ ಬಹುಮಟ್ಟಿಗೆ ಈ ಆಯ್ಕೆಯೇ ಕಾರಣ.

ಇಂಥ ಎಂಜಿನ್ನುಗಳಲ್ಲಿ ಹೆಚ್ಚು ಹೆಸರಾದದ್ದು ಕ್ರೈಸ್ಲರ್ ಕಂಪನಿಯ 426 ಹೆಮಿ. ಸಿಲಿಂಡರಿನ ತಲೆಭಾಗದಲ್ಲಿ ಇಂಧನ ಉರಿಯುವ ಕೋಣೆ ಅರ್ಧಗೋಳದ ಆಕಾರದಲ್ಲಿರುವುದರಿಂದ ಈ ಹೆಸರು ಬಂದಿದೆ. ಆ ಆಕಾರದಲ್ಲಿ ದೊಡ್ಡ ಕವಾಟಗಳನ್ನು ಎದುರುಬದುರಾಗಿ ಇಡಲು ಸಾಧ್ಯವಾಗುವುದರಿಂದ ಗಾಳಿ ಮತ್ತು ಇಂಧನದ ಮಿಶ್ರಣ ಸರಾಗವಾಗಿ ಒಳಬಂದು, ಹೊಗೆ ಅಷ್ಟೇ ಸರಾಗವಾಗಿ ಹೊರಹೋಗುತ್ತದೆ. 426 ಎಂಬುದು ಎಂಜಿನ್ನಿನ ಗಾತ್ರ. ಘನ ಅಂಗುಲಗಳ ಈ ಲೆಕ್ಕ ಸುಮಾರು 7 ಲೀಟರಿಗೆ ಸಮ. 1964ರ ಡೇಟೋನಾ 500 ಪಂದ್ಯದಲ್ಲಿ ಈ ಎಂಜಿನ್ ಹೊತ್ತ, ಕ್ರೈಸ್ಲರ್ ಕಂಪನಿಯದೇ ಆದ ಪ್ಲಿಮತ್ ಕಾರುಗಳು ಮೊದಲ ಮೂರೂ ಸ್ಥಾನಗಳನ್ನು ಗೆದ್ದವು. ಸಾರ್ವಜನಿಕರಿಗೆ ಮಾರದ ಎಂಜಿನ್ನನ್ನು ಪಂದ್ಯಕ್ಕೆ ತರಬಾರದೆಂದು ಆ ಪಂದ್ಯಗಳನ್ನು ನಡೆಸುವ ನಾಸ್ಕಾರ್ ಸಂಸ್ಥೆ ಮರುವರ್ಷ ಅದಕ್ಕೆ ತಡೆಯೊಡ್ಡಿದಾಗ, ಕ್ರೈಸ್ಲರ್ 1966ರಲ್ಲಿ 425 ಅಶ್ವಶಕ್ತಿಯ 'ಸ್ಟ್ರೀಟ್ ಹೆಮಿ'ಯನ್ನು ಸಾಮಾನ್ಯ ಗ್ರಾಹಕರ ಪಟ್ಟಿಗೆ ಸೇರಿಸಿತು. ಪಂದ್ಯದ ನಿಯಮವೇ ಇಂಥ ಎಂಜಿನ್ನನ್ನು ಬೀದಿಗೆ ತಂದಿತೆಂಬುದನ್ನು ಮರೆತರೆ, ಇವುಗಳ ಸಂಖ್ಯೆ ಏಕಿಷ್ಟು ಕಡಿಮೆಯೆಂಬುದು ಅರ್ಥವಾಗುವುದಿಲ್ಲ.

ಷೆವರ್ಲೆ ಕಾರ್ವೆಟ್‌ನ ಎಲ್88 ಎಂಜಿನ್ನಿನ ಕಥೆ ಇನ್ನೂ ಸ್ವಾರಸ್ಯಕರ. 427 ಘನ ಅಂಗುಲದ ಈ ಎಂಜಿನ್ನಿನ ನಿಜವಾದ ಬಲ 500 ಅಶ್ವಶಕ್ತಿಯನ್ನು ಮೀರುತ್ತಿದ್ದರೂ ಕಂಪನಿ ಅದನ್ನು 430 ಎಂದಷ್ಟೇ ಘೋಷಿಸಿ, ಅದಕ್ಕಿಂತ ಅಗ್ಗದ ಇನ್ನೊಂದು ಎಂಜಿನ್ನಿಗೆ 435 ಎಂದು ನಮೂದಿಸಿತು. ಸಾಮಾನ್ಯ ಗ್ರಾಹಕರು ಇದರ ತಂಟೆಗೆ ಬರಬಾರದೆಂಬುದೇ ಉದ್ದೇಶ. ಎಲ್88 ಕೇಳಿದವರಿಗೆ ರೇಡಿಯೊ ಕೊಡುತ್ತಿರಲಿಲ್ಲ, 1967ರಲ್ಲಿ ಹೀಟರನ್ನೂ ಕೊಡುತ್ತಿರಲಿಲ್ಲ, ಮೇಲಾಗಿ ಅದಕ್ಕೆ ಅತ್ಯುಚ್ಚ ಆಕ್ಟೇನಿನ ಪೆಟ್ರೋಲ್ ಬೇಕಾಗಿತ್ತು. 1967ರಲ್ಲಿ ತಯಾರಾದವು 20 ಕಾರುಗಳು ಮಾತ್ರ. ಮುಂದಿನ ಎರಡು ವರ್ಷಗಳದ್ದನ್ನೂ ಸೇರಿಸಿದರೆ 216. ಆ ಇಪ್ಪತ್ತರಲ್ಲೊಂದು ಕೆಂಪು ಕಾರು 2014ರ ಜನವರಿಯಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್ ಹರಾಜಿನಲ್ಲಿ 38.5 ಲಕ್ಷ ಡಾಲರಿಗೆ ಮಾರಾಟವಾಯಿತು.

ಕಾರ್ವೆಟ್ಟನ್ನು ಬಿಟ್ಟರೆ ಮಧ್ಯಮ ಮತ್ತು ಸಣ್ಣ ಗಾತ್ರದ ಕಾರುಗಳಿಗೆ 400 ಘನ ಅಂಗುಲ ಮೀರಿದ ಎಂಜಿನ್ ಬೇಡವೆಂದು ಷೆವರ್ಲೆಯ ಮಾತೃಸಂಸ್ಥೆ ಜನರಲ್ ಮೋಟರ್ಸ್ ತನಗೆ ತಾನೇ ನಿರ್ಬಂಧ ಹಾಕಿಕೊಂಡಿತ್ತು. ಟ್ಯಾಕ್ಸಿ, ಪೊಲೀಸ್ ವಾಹನಗಳ ವಿಶೇಷ ಬೇಡಿಕೆಗಳಿಗಾಗಿ ಇದ್ದ 'ಕೋಪೊ' ಎಂಬ ಆದೇಶಪದ್ಧತಿಯ ಮೂಲಕ ಆ ನಿರ್ಬಂಧವನ್ನು ದಾಟಿ 1969ರಲ್ಲಿ ತಯಾರಾದದ್ದು ಷೆವರ್ಲೆಯ ಜೆಡ್‌ಎಲ್1 ಕಮಾರೊ. ಪೂರ್ತಿ ಅಲ್ಯೂಮಿನಿಯಂನ ಅದರ ಎಂಜಿನ್ನಿನ ಆಯ್ಕೆಯೊಂದಕ್ಕೇ ನಾಲ್ಕು ಸಾವಿರ ಡಾಲರ್ ಮೀರುತ್ತಿತ್ತು. ಅದು ಕಮಾರೊ ಕಾರಿನ ಮೂಲಬೆಲೆಗಿಂತ ಹೆಚ್ಚು. ತಯಾರಾದ 69 ಕಾರುಗಳಲ್ಲಿ 50ನ್ನು ಇಲಿನಾಯ್ ರಾಜ್ಯದ ಲಾ ಹಾರ್ಪ್ ಎಂಬ ಸಣ್ಣ ಊರಿನ ಡೀಲರೊಬ್ಬರೇ ತರಿಸಿದ್ದರಾದರೂ, ಆ ಬೆಲೆಗೆ ಕೊಳ್ಳುವವರು ಸಾಲದೆ ಹಲವನ್ನು ಕಂಪನಿಗೆ ಹಿಂದಿರುಗಿಸಬೇಕಾಯಿತು. ಇಂದು ಸಂಗ್ರಾಹಕರು ಬೆನ್ನುಹತ್ತುವ ಕಾರುಗಳು ಅಂದು ಷೋರೂಮಿನಲ್ಲಿ ಉಳಿದುಹೋದವು ಎಂಬುದೇ ಈ ಅಪರೂಪದ ಮೂಲ.

1970ರ ಹೊತ್ತಿಗೆ ವಿಮಾ ಕಂಪನಿಗಳು ಇಂಥ ಕಾರುಗಳಿಗೆ ಹೆಚ್ಚಿನ ಕಂತು ವಿಧಿಸತೊಡಗಿದವು. ಹೊಗೆ ನಿಯಂತ್ರಣದ ಕಾನೂನುಗಳು ಬಿಗಿಯಾದವು. 1971ರ ಬಳಿಕ ಹೆಮಿಯೂ ಪಟ್ಟಿಯಿಂದ ಮರೆಯಾಯಿತು. ಆ ಕೊನೆಯ ವರ್ಷ ಹೆಮಿ ಹೊತ್ತ, ಮೇಲ್ಛಾವಣಿ ಮಡಚಬಲ್ಲ ಪ್ಲಿಮತ್ 'ಕೂಡಾ' ಕಾರುಗಳ ಸಂಖ್ಯೆ ಹನ್ನೊಂದರ ಆಸುಪಾಸಿನದು. ಅವುಗಳಲ್ಲೊಂದು 2014ರಲ್ಲಿ ಸಿಯಾಟಲ್ ಹರಾಜಿನಲ್ಲಿ ಸುಮಾರು 35 ಲಕ್ಷ ಡಾಲರ್ ತಂದಿತು. ಆದರೆ ವಿರಳತೆಯೊಂದರಿಂದಲೇ ಬೆಲೆ ಹುಟ್ಟುವುದಿಲ್ಲ. ಯಾರೂ ಬಯಸದ ಬಣ್ಣದ, ದುರ್ಬಲ ಎಂಜಿನ್ನಿನ ಕಾರೂ ಲೆಕ್ಕದಲ್ಲಿ ವಿರಳವಾಗಿರಬಹುದು; ಅದಕ್ಕೆ ಪಂದ್ಯದ ಕೀರ್ತಿಯಿಲ್ಲ, ಯಂತ್ರಶಾಸ್ತ್ರದ ಸಾಹಸವಿಲ್ಲ, ಆದ್ದರಿಂದ ಬೆಲೆಯೂ ಇಲ್ಲ.

ಬೆಲೆಯ ಇನ್ನೊಂದು ಆಧಾರ ಪುರಾವೆ. ಎಂಜಿನ್ನನ್ನು ಬದಲಿಸುವುದು ಸುಲಭವಾದ್ದರಿಂದ, ಕಾರಿನಲ್ಲಿ ಈಗಿರುವುದು ಕಾರ್ಖಾನೆ ಕೂರಿಸಿದ್ದೇ ಎಂಬುದನ್ನು ಸಾಧಿಸಿ ತೋರಿಸಬೇಕು. 1970 ಮತ್ತು 1971ರ ಕ್ರೈಸ್ಲರ್ ಕಾರುಗಳ ಗುರುತುಸಂಖ್ಯೆಯ ಐದನೆಯ ಸ್ಥಾನದಲ್ಲಿ 'ಆರ್' ಅಕ್ಷರವಿದ್ದರೆ ಆ ಕಾರು ಹೆಮಿಯೊಂದಿಗೇ ಹುಟ್ಟಿದ್ದು. ಷೆವರ್ಲೆಯ ಅಂದಿನ ಗುರುತುಸಂಖ್ಯೆ ಇಷ್ಟು ಸ್ಪಷ್ಟವಲ್ಲ. ಅಲ್ಲಿ ಎಂಜಿನ್ನಿನ ಮೇಲೆ ಒತ್ತಿದ ಸಂಕೇತ, ಡೀಲರ್ ಕೊಟ್ಟ ರಸೀದಿ, ಸೀಟಿನಡಿ ಸಿಕ್ಕಿಕೊಂಡು ಉಳಿದ ಅಥವಾ ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಟಿಸಿದ ಜೋಡಣೆ ಹಾಳೆ ಇವೇ ಸಾಕ್ಷಿ. ಎಂಜಿನ್ನಿನ ಸಂಖ್ಯೆ ಕಾರಿನ ಸಂಖ್ಯೆಯೊಂದಿಗೆ ತಾಳೆಯಾದರೆ ಅದನ್ನು 'ಮ್ಯಾಚಿಂಗ್ ನಂಬರ್ಸ್' ಕಾರು ಎನ್ನುತ್ತಾರೆ. ಹಣದ ಆಸೆಗೆ ಹಳೆಯ ಸಂಖ್ಯೆಯನ್ನು ಉಜ್ಜಿ ತೆಗೆದು ಹೊಸದನ್ನು ಒತ್ತುವವರೂ ಇದ್ದಾರೆ. ಕಾರ್ಖಾನೆಯ ಯಂತ್ರ ಆ ಲೋಹದ ಮೇಲ್ಮೈಯಲ್ಲಿ ಬಿಟ್ಟ ಸೂಕ್ಷ್ಮ ಗೆರೆಗಳು ಅಳಿಸಿಹೋಗಿವೆಯೇ ಎಂದು ನೋಡಿ ತಜ್ಞರು ಇಂಥ ಮೋಸವನ್ನು ಪತ್ತೆಹಚ್ಚುತ್ತಾರೆ.

ಪಂದ್ಯಗಳಲ್ಲಿ ದುಡಿದ ಈ ಕಾರುಗಳಲ್ಲಿ ಅನೇಕವು ಮೂಲ ಎಂಜಿನ್ನನ್ನು ಬಹಳ ಹಿಂದೆಯೇ ಕಳೆದುಕೊಂಡಿವೆ, ಅದರಲ್ಲಿ ಅವಮಾನವೇನೂ ಇಲ್ಲ. ಎಂಜಿನ್ ಬದಲಾಗಿದೆಯೆಂದು ಪ್ರಾಮಾಣಿಕವಾಗಿ ಹೇಳಿ ಮಾರುವ ಕಾರು, ಸುಳ್ಳು ಸಂಖ್ಯೆ ಹೊತ್ತು ಲಕ್ಷಗಟ್ಟಲೆ ಡಾಲರ್ ಕೇಳುವ ಕಾರಿಗಿಂತ ಎಲ್ಲ ಬಗೆಯಲ್ಲೂ ಮೇಲು.